ನಲವತ್ತೊಂಬತ್ತನೆಯ ಪುಟ

ಆಕೆಯನ್ನು ಬೀದಿಯ ಮಕ್ಕಳೆಲ್ಲ ಮಡಿಕೆ ಅಜ್ಜಿ ಎನ್ನುತ್ತಾರೆ. ಮಡಕೆ ಅಲ್ಲ, ಮಡಿಕೆ. ಡಕಾರಕ್ಕೆ ಒಂದು ಗುಡಿಸು ಇದೆ, ಅದನ್ನು ನುಂಗಿಬಿಟ್ಟರೆ ಕೆಲಸ ಕೆಟ್ಟಿತು. ಒಮ್ಮೆ ಬೀದಿಗೆ ಹೊಸದಾಗಿ ಬಂದವರೊಬ್ಬರು ಹೆಸರನ್ನು ಅರ್ಧಂಬರ್ಧ ಕೇಳಿಸಿಕೊಂಡು ಬಂದು, "ನೀರಿಗೆ ಇಡೋ ಅಂಥದ್ದು ಎರಡು ಕೊಡಿ, ಒಂದಕ್ಕೆ ಮುಚ್ಚಳ ಇರ್ಲಿ" ಎಂದು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಒಳಗೆ ಕೂರಿಸಿ, ಚಹಾ ಕೊಟ್ಟು, ತಾನು ಮಾಡುತ್ತಿದ್ದುದು ಕಾಗದದ ಮಡಿಕೆ, ಮಣ್ಣಿನ ಮಡಕೆಯಲ್ಲ ಎಂದು ತಿಳಿಯ ಹೇಳುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಬಂದವರು ಹೋಗುವಾಗ ಮಕ್ಕಳಿಗೆಂದು ಒಂದು ಕತೆಯ ಹಾಳೆ ಕೇಳಿ ತೆಗೆದುಕೊಂಡು ಹೋದರು.

ಇಪ್ಪತ್ತಾರು ವರ್ಷ ಆಕೆ ಪುಸ್ತಕ ಕಟ್ಟುವ ಕಡೆ ದುಡಿದಳು. ಕೆಳಗಡೆ ಹೊಲಿಗೆ, ಅಂಟು, ಅಂಚು ಕತ್ತರಿಸುವ ಯಂತ್ರ. ಮರದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದು ಉದ್ದನೆಯ ಮೇಜು, ಅದರ ಎರಡೂ ಬದಿಗೆ ಎಂಟು ಹೆಂಗಸರು. ಅಚ್ಚಾಗಿ ಬರುವ ಅಗಲವಾದ ಹಾಳೆಯಲ್ಲಿ ಈ ಮಗ್ಗುಲಿಗೆ ಎಂಟು ಪುಟ, ಆ ಮಗ್ಗುಲಿಗೆ ಎಂಟು. ಅದನ್ನು ಮೂರು ಸಲ ಮಡಿಚಿದರೆ ಹದಿನಾರು ಪುಟವೂ ಕ್ರಮಕ್ಕೆ ಬಂದು ಕೂರುತ್ತವೆ. ಅಂಥ ಒಂದು ಕಂತೆಗೆ ಅವರು ಫಾರಂ ಎನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಫಾರಂ, ಒಬ್ಬರ ರಾಶಿಗೆ ಇನ್ನೊಬ್ಬರು ಕೈ ಹಾಕಕೂಡದು ಎಂದು ಯಜಮಾನರ ಕಟ್ಟಪ್ಪಣೆ. ಹಾಕಿದರೆ ಏನಾಗುತ್ತದೆ ಎಂದರೆ, ಅಡುಗೆ ಪುಸ್ತಕದಲ್ಲಿ ಎಣ್ಣೆ ಕಾಯುತ್ತಿರುವಾಗಲೇ ಇನ್ನೊಂದು ಪುಸ್ತಕದ ಯುದ್ಧ ಶುರುವಾಗಿಬಿಡುತ್ತದೆ. ಹಾಗೆ ಒಮ್ಮೆ ಆಗಿಯೂ ಇತ್ತು.

ಅಜ್ಜಿಯ ಪಾಲಿಗೆ ಬಂದದ್ದು ಮೂರನೆಯ ಫಾರಂ. ಯಾವ ಪುಸ್ತಕ ಬರಲಿ, ಮೂವತ್ತಮೂರನೆಯ ಪುಟದಿಂದ ನಲವತ್ತೆಂಟನೆಯ ಪುಟದವರೆಗೆ ಆಕೆಯದು. ಮಡಿಚಿದ ಪುಸ್ತಕ ಕೆಳಗಿಳಿದು, ಹೊಲಿಸಿಕೊಂಡು, ಕಟ್ಟುಕಟ್ಟಾಗಿ ಗಾಡಿ ಹತ್ತಿ ಹೋದರೆ ಮತ್ತೆ ಅದರ ಮುಖ ಕಾಣುವಂತಿಲ್ಲ. ಹೀಗಾಗಿ ಆಕೆಗೆ ನೂರಾರು ಪುಸ್ತಕಗಳ ಹೊಟ್ಟೆ ಗೊತ್ತು. ತಲೆಯೂ ಗೊತ್ತಿಲ್ಲ, ಬಾಲವೂ ಗೊತ್ತಿಲ್ಲ. ಕಳ್ಳತನ ಹೇಗಾಯಿತೋ ತಿಳಿಯದು, ಕಳ್ಳ ಸಿಕ್ಕಿದನೋ ಇಲ್ಲವೋ ದೇವರಿಗೇ ಗೊತ್ತು, ಆದರೆ ಪೊಲೀಸಿನವನು ಯಾವ ಯಾವ ಮನೆಯ ಬಾಗಿಲು ತಟ್ಟಿದ ಎನ್ನುವುದನ್ನು ಒಂದೂ ಬಿಡದೆ ಹೇಳಬಲ್ಲಳು.

ಓದು ಅಂಟಿಸಿಕೊಂಡದ್ದೂ ಅಲ್ಲೇ. ಸೇರಿದಾಗ ಆಕೆಗೆ ಅಂಕಿ ಚೆನ್ನಾಗಿ ಬರುತ್ತಿತ್ತು, ಅಕ್ಷರ ಅಷ್ಟಕ್ಕಷ್ಟೆ. ಕೆಳಗೆ ಅಂಟು ಹಚ್ಚುತ್ತಿದ್ದ ಒಬ್ಬ ಅಕ್ಕ ಊಟದ ಬಿಡುವಿನಲ್ಲಿ ಮೇಲೆ ಬಂದು, ಅಂಟಿನ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅಚ್ಚಿನಲ್ಲಿ ಕೆಟ್ಟುಹೋದ ಹಾಳೆಗಳ ಮೇಲೆ ಒಂದೊಂದೇ ಸಾಲು ತೋರಿಸಿ ಓದಿಸಿದಳು. ಮಡಿಚದ ಹಾಳೆಯಲ್ಲಿ ಅರ್ಧ ಪುಟಗಳು ತಲೆಕೆಳಗಾಗಿರುತ್ತವೆ. ಹಾಗಾಗಿ ನೆಟ್ಟಗಿದ್ದುದೂ ತಲೆಕೆಳಗಾದುದೂ ಆಕೆಗೆ ಒಂದೇ. ಆ ಅಂಟಿನ ಅಕ್ಕ ತೀರಿಕೊಂಡು ಬಹಳ ವರ್ಷವಾಯಿತು. "ನಂಗೆ ಎರಡನೇ ಸಲ ಕಣ್ಣು ಕೊಟ್ಟೋಳು ಅವ್ಳು" ಎಂದು ಅಜ್ಜಿ ಇವತ್ತಿಗೂ ಹೇಳುತ್ತಾಳೆ.

ಈಗ ಬಾವಿಯ ಹುಡುಗಿಯ ವಿಷಯ. ಹತ್ತೊಂಬತ್ತು ವರ್ಷದ ಹಿಂದೆ ಮೇಜಿಗೆ ಮಕ್ಕಳ ಪುಸ್ತಕವೊಂದು ಬಂತು. ಆ ಸಲ ಮೂರು ಸಾವಿರ ಪ್ರತಿ. ಒಂದು ಹಾಳೆ ಮಡಿಚುವಾಗ ಒಂದು ಸಾಲು, ಇನ್ನೊಂದಕ್ಕೆ ಇನ್ನೊಂದು ಸಾಲು, ಹಾಗೆ ಕೈ ನಿಲ್ಲಿಸದೆ ಹದಿನಾರೂ ಪುಟ ಓದಿದಳು. ಒಬ್ಬ ಹುಡುಗಿ ತನ್ನ ಆಡುಮರಿ ಬಾವಿಗೆ ಬಿದ್ದಿದೆ ಎಂದುಕೊಂಡು ಹಗ್ಗ ಹಿಡಿದು ಇಳಿಯುತ್ತಾಳೆ. ಅರ್ಧ ದಾರಿಯಲ್ಲಿ ಲಾಟೀನು ಆರುತ್ತದೆ. ಕೆಳಗೆ ಆಡುಮರಿ ಇಲ್ಲ. ಹಗ್ಗ ಕಿತ್ತು ಮೈಮೇಲೆ ಬೀಳುತ್ತದೆ. ನಲವತ್ತೆಂಟನೆಯ ಪುಟದ ಕೊನೆಯ ಸಾಲು ಹೀಗಿತ್ತು: "ಆಗ ಮೇಲಿನಿಂದ ಒಂದು ದನಿ ಕೇಳಿಸಿತು. ಅದು". ಅಷ್ಟೇ. ಅದು, ಆಮೇಲೆ ಬಿಳಿ ಕಾಗದ.

ಯಜಮಾನರ ಕಟ್ಟಪ್ಪಣೆ ಮುರಿದಾದರೂ ನಾಲ್ಕನೆಯ ಫಾರಂನ ಮೊದಲ ಪುಟವನ್ನು ಇಣುಕಿ ನೋಡುವುದೆಂದು ಆಕೆ ನಿಶ್ಚಯ ಮಾಡಿಕೊಂಡಿದ್ದಳು. ಆ ಫಾರಂ ಅಚ್ಚಾಗಿ ಬಂದ ವಾರವೇ ಮಗಳಿಗೆ ಜ್ವರ ಬರಬೇಕೆ. ತಿರುಗಿ ಕೆಲಸಕ್ಕೆ ಬರುವಷ್ಟರಲ್ಲಿ ಪುಸ್ತಕ ಹೋಗಿಯೇಬಿಟ್ಟಿತ್ತು. ನಾಲ್ಕನೆಯ ಫಾರಂನವಳನ್ನು ಗೋಗರೆದು ಕೇಳಿದರೆ, "ಯಾರಿಗ್ಗೊತ್ತು ಮಾರಾಯ್ತಿ, ನಾನು ಅಂಚು ನೋಡಿ ಮಡಿಚ್ತೀನಿ, ಅಕ್ಷರ ನೋಡೋಳು ನೀನೊಬ್ಳೇ" ಎಂದಳು. ಹಾಳೆಯ ಅಡಿಯಲ್ಲಿ ಅಚ್ಚಿನವರ ಗುರುತಿನ ಅಂಕಿ ಇತ್ತೇ ಹೊರತು ಪುಸ್ತಕದ ಹೆಸರಿರಲಿಲ್ಲ. ಮಸಿ ಚೆಲ್ಲಿದ್ದ ಒಂದು ಹಾಳೆಯನ್ನು ಆಕೆ ಮನೆಗೆ ತಂದು ಪೆಟ್ಟಿಗೆಯ ತಳದಲ್ಲಿಟ್ಟಳು.

ಕೊನೆಗೊಂದು ದಿನ ಮಡಿಚುವ ಯಂತ್ರ ಬಂತು, ಹೆಂಗಸರು ಮನೆಗೆ ಹೋದರು. ಯಜಮಾನರು ಕೆಟ್ಟವರಲ್ಲ. ಏನು ಬೇಕು ಕೇಳಮ್ಮ ಎಂದರು. ಮೂಲೆಯಲ್ಲಿ ಬಿದ್ದಿರುವ ಮೂರನೆಯ ಫಾರಂನ ಕೆಟ್ಟ ಹಾಳೆಗಳನ್ನೆಲ್ಲ ಕೊಡಿ ಎಂದಳು. ಅವರು ಕಕ್ಕಾಬಿಕ್ಕಿಯಾಗಿ, ತಮ್ಮ ಗಾಡಿಯಲ್ಲೇ ತುಂಬಿಸಿ ಕಳಿಸಿದರು.

ಸಂಜೆ ಮೆಟ್ಟಿಲ ಮೇಲೆ ಕೂತು ಆಕೆ ಹಾಳೆ ಓದಿಕೊಳ್ಳುತ್ತಿದ್ದರೆ ಪಕ್ಕದ ಮನೆಯ ಮಕ್ಕಳು ಬಂದರು, ಆಮೇಲೆ ಎದುರು ಮನೆಯವು, ಆಮೇಲೆ ಬೀದಿಯ ತುದಿಯವು. ಒಬ್ಬ ದರ್ಜಿ ಟೇಪು ಕೊರಳಿಗೆ ಹಾಕಿಕೊಂಡೇ ಮರ ಹತ್ತಿ ಇಳಿಯಲಾಗದೆ ಸಿಕ್ಕಿಹಾಕಿಕೊಂಡ ಕತೆ ಹೇಳಿದಳು. ಯಾಕೆ ಹತ್ತಿದ ಎಂದು ಆಕೆಗೆ ಗೊತ್ತಿಲ್ಲ. ನಲವತ್ತೆಂಟನೆಯ ಪುಟಕ್ಕೆ ಬಂದು ನಿಲ್ಲಿಸಿದಳು.

"ಆಮೇಲೆ ಏನಾಯ್ತು ಅಜ್ಜಿ?"

"ಗೊತ್ತಿಲ್ಲ ಕಣಪ್ಪ."

"ಸುಳ್ಳು ಹೇಳ್ಬೇಡಿ."

"ಸುಳ್ಳು ಹೇಳಿ ನಂಗೇನಾಗ್ಬೇಕು? ಪೂರ್ತಿ ಪುಸ್ತಕ ಎಲ್ಲೋ ಇರುತ್ತೆ. ಯಾರಾದ್ರೂ ಹುಡುಕಿ ಓದಿ ಬಂದು ನಂಗೂ ಹೇಳಿ, ಪುಣ್ಯ ಬರುತ್ತೆ."

ಇದನ್ನು ಕೆಲವರು ಈಗ ದೊಡ್ಡ ಉಪಾಯ ಎಂದು ಹೊಗಳುತ್ತಾರೆ. ಉಪಾಯವೂ ಇಲ್ಲ, ಮಣ್ಣೂ ಇಲ್ಲ. ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮಕ್ಕಳಿಗೆ ಅದು ಗೊತ್ತಾದ ಕೂಡಲೇ ಮೈಯಲ್ಲಿ ಇರುವೆ ಬಿಟ್ಟಂತಾಯಿತು. ದೊಡ್ಡವರಿಗೆ ತಿಳಿಯದ್ದನ್ನು ತಾವು ತಿಳಿದು ಬಂದು ಹೇಳುವ ಅವಕಾಶ ಅವರಿಗೆಲ್ಲಿ ಸಿಗುತ್ತದೆ ಹೇಳಿ.

ಎರಡು ಬೀದಿ ಆಚೆ ಗ್ರಂಥಾಲಯವಿತ್ತು. ಅಲ್ಲಿನ ಗ್ರಂಥಪಾಲಕರಿಗೆ ಮಕ್ಕಳು ಇಟ್ಟ ಹೆಸರು ಶ್ ಸಾರ್. ಬೆರಳು ತುಟಿಯ ಮೇಲಿಟ್ಟುಕೊಂಡೇ ಹುಟ್ಟಿದವರಂತೆ ಅವರು. ಅವರ ಮೇಜಿನ ಮುಂದೆ ಹನ್ನೆರಡು ಮಕ್ಕಳು ಒಟ್ಟಿಗೆ ನಿಂತು, "ಸಾರ್, ನಲವತ್ತೊಂಬತ್ತನೇ ಪುಟ ಕೊಡಿ" ಎಂದರು. ಯಾವ ಪುಸ್ತಕದ್ದು ಎಂದರೆ, "ದರ್ಜಿ ಮರದ ಮೇಲಿರ್ತಾನಲ್ಲ, ಅದರದ್ದು." ಮೂರನೆಯ ದಿನಕ್ಕೆ ಅವರು ಕೊಡೆ ಹಿಡಿದುಕೊಂಡು ಅಜ್ಜಿಯ ಮನೆಗೇ ಬಂದರು.

"ನಮ್ಮ ಲೈಬ್ರರೀಲಿ ಗಲಾಟೆ ಎಬ್ಬಿಸಿರೋದು ನೀವೇ ಏನಮ್ಮಾ?"

"ನಾನೇ ಸಾರ್. ತಪ್ಪಾಯ್ತು."

"ತಪ್ಪೇನು ಬಂತು. ಹನ್ನೊಂದು ವರ್ಷದಿಂದ ಆ ಮಕ್ಕಳ ಕೋಣೇಲಿ ನಾನೊಬ್ನೇ ಕೂತು ನನಗೆ ನಾನೇ ಶ್ ಅಂದ್ಕೊಳ್ತಿದ್ದೆ." ಕೊಡೆಯನ್ನು ಗೋಡೆಗೆ ಒರಗಿಸಿ ಅವರೂ ಮೆಟ್ಟಿಲ ಮೇಲೆ ಕೂತರು. "ಮುಂದಿನ ವಾರ ಯಾವ ಕತೆ ಹೇಳ್ತೀರಿ ಅಂತ ಮೊದ್ಲೇ ತಿಳಿಸ್ಬಿಡಿ, ಹುಡುಕಿ ಇಟ್ಕೊಂಡಿರ್ತೀನಿ."

ಮೂರು ವರ್ಷ ಹೀಗೇ ನಡೆಯಿತು. ಓದಲು ಬಾರದ ಚಿಕ್ಕವು ಪುಸ್ತಕ ತಂದು ಮನೆಯಲ್ಲಿ ಅಪ್ಪ ಅಮ್ಮನ ಜೀವ ತಿಂದವು. ಇಸ್ತ್ರಿ ಅಂಗಡಿಯವನು ಒಂದು ಕೈಯಲ್ಲಿ ಪುಸ್ತಕ ಹಿಡಿದು ಮಕ್ಕಳಿಗೆ ಓದಿ ಹೇಳುತ್ತ ಹೇಳುತ್ತ ಯಾರದೋ ಅಂಗಿಯ ಕಾಲರು ಸುಟ್ಟ. ಅಂಗಿಯವರು ಜಗಳಕ್ಕೆಂದು ಬಂದು, ದರ್ಜಿ ಮರದಿಂದ ಇಳಿದದ್ದನ್ನು ಪೂರ್ತಿ ಕೇಳಿಸಿಕೊಂಡು, ಕಾಲರಿನ ಮಾತನ್ನೇ ಮರೆತು ಹೋದರು.

ಇಷ್ಟೆಲ್ಲ ಸರಿ. ಆದರೆ ಬೀದಿಯ ಮಕ್ಕಳೆಲ್ಲ ಪುಸ್ತಕಕ್ಕೆ ಬಿದ್ದು ಸಾಯುತ್ತಿದ್ದಾಗ ಅಜ್ಜಿಯ ಸ್ವಂತ ಮೊಮ್ಮಗಳು ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದಳು. ಅವಳಿಗೆ ಒಂಬತ್ತು ವರ್ಷ. ಅಮ್ಮ ಆಸ್ಪತ್ರೆಯಲ್ಲಿ ದಾದಿ, ಅಪ್ಪ ಅದೇ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ. ಇಬ್ಬರದೂ ಪಾಳಿಯ ಕೆಲಸ. ಅದಕ್ಕೇ ಈ ವರ್ಷದಿಂದ ಅವಳು ಶಾಲೆಯ ದಿನಗಳಲ್ಲಿ ಅಜ್ಜಿಯ ಮನೆಯಲ್ಲಿ, ಭಾನುವಾರ ಅಮ್ಮನ ಮನೆಯಲ್ಲಿ.

ಆಗಿದ್ದಿಷ್ಟು. ತರಗತಿಯಲ್ಲಿ ಅವಳ ಸರದಿ ಬಂದಾಗ ಪಾಠದಲ್ಲಿ "ರಾಜನು ಸಿಟ್ಟಿನಿಂದ ಒರೆಯೊಳಗಿನ ಕತ್ತಿಯನ್ನು ಎಳೆದನು" ಎಂದಿತ್ತು. ಇವಳು "ಕತ್ತೆಯನ್ನು ಎಳೆದನು" ಎಂದು ಓದಿದಳು. ರಾಜ ಒರೆಯಿಂದ ಕತ್ತೆ ಎಳೆದರೆ ಯಾರು ತಾನೇ ಸುಮ್ಮನಿರುತ್ತಾರೆ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಟೀಚರೂ ನಕ್ಕರು, ಆಮೇಲೆ ತುಂಬ ನೊಂದುಕೊಂಡರು, ಆ ಮಾತು ಬೇರೆ. ಬಿಡುವಿನಲ್ಲಿ ಮಕ್ಕಳು ಅವಳ ಸುತ್ತ ಕತ್ತೆಯಂತೆ ಅರಚಿದರು. ಅವತ್ತಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಬರೆಯುತ್ತಾಳೆ, ಲೆಕ್ಕ ಮಾಡುತ್ತಾಳೆ, ಓದು ಎಂದರೆ ತುಟಿ ಪಿಟಕ್ಕೆನ್ನುವುದಿಲ್ಲ. "ವರ್ಷದ ಕೊನೇಲಿ ಒಂದು ಪುಟನಾದ್ರೂ ಬಾಯಿಬಿಟ್ಟು ಓದದೆ ಇದ್ರೆ ಮೇಲಿನ ತರಗತಿಗೆ ನಾನು ಹೇಗೆ ಕಳಿಸ್ಲಿ?" ಎಂದು ಟೀಚರು ಅಮ್ಮನನ್ನು ಕರೆಸಿ ಹೇಳಿದರು. ಉಳಿದಿದ್ದದ್ದು ಎರಡೇ ತಿಂಗಳು.

ಮಗಳು ಇದನ್ನು ಅಜ್ಜಿಗೆ ಹೇಳುವಾಗ ಕಣ್ಣಲ್ಲಿ ನೀರು ತಂದುಕೊಂಡಳು. "ಅಮ್ಮಾ, ಇಡೀ ಬೀದಿಗೆ ಓದೋ ಹುಚ್ಚು ಹಿಡಿಸ್ದೆ. ಇವಳದ್ದೊಂದು ನೋಡು."

ಅಜ್ಜಿ ನೋಡದೆ ಏನು. ಎಲ್ಲ ಮಾಡಿದ್ದಳು. ಮುದ್ದು ಮಾಡಿದಳು, ಗದರಿದಳು. "ಒಂದು ಗುಡಿಸು ಬಿಟ್ಟಿದ್ದಕ್ಕೆ ನನ್ನನ್ನ ಮಡಕೆ ಮಾರೋಳು ಅಂದ್ಕೊಂಡು ಬಂದ್ರು. ನಾನೇನು ಬಾಯಿ ಮುಚ್ಕೊಂಡು ಕೂತ್ನಾ?" ಎಂದು ಕೇಳಿದಳು.

"ನಿನ್ನ ಸುತ್ತ ನಿಂತು ಯಾರೂ ಅರಚ್ಲಿಲ್ಲ" ಎಂದಳು ಮೊಮ್ಮಗಳು.

ಒಂದು ಮಧ್ಯಾಹ್ನ ಶಾಲೆಗೆ ರಜೆ. ಹುಡುಗಿ ಗೋಡೆಗೆ ಕಾಲು ಚಾಚಿ ಮಲಗಿ ಸೂರು ನೋಡುತ್ತಿದ್ದಳು. ಅಜ್ಜಿಗೆ ಏನನ್ನಿಸಿತೋ, ಪೆಟ್ಟಿಗೆ ತೆಗೆದು ತಳದಿಂದ ಆ ಮಸಿಯ ಹಾಳೆ ಎಳೆದಳು. ಬಾವಿಯ ಹುಡುಗಿಯ ಕತೆಯನ್ನು ಆಕೆ ಬೀದಿಯ ಯಾವ ಮಗುವಿಗೂ ಹೇಳಿರಲಿಲ್ಲ. ಯಾಕೆ ಎಂದರೆ, ಒಂದು ವೇಳೆ ಆ ಪುಸ್ತಕ ಸಿಗಲೇ ಇಲ್ಲ ಎಂದು ಮಕ್ಕಳು ಬಂದು ಹೇಳಿದರೆ ತಡೆದುಕೊಳ್ಳುವುದು ಕಷ್ಟ ಎಂದು. ಈಗ ಹೇಳಿದಳು. ಲಾಟೀನು ಆರಿತು, ಹಗ್ಗ ಕಿತ್ತಿತು, ದನಿ ಕೇಳಿಸಿತು.

"ಅದು?"

"ಅಷ್ಟೇ. ಪುಟ ಮುಗೀತು."

"ಅದು ಆದ್ಮೇಲೆ ಇನ್ನೊಂದು ಪದ ಇರುತ್ತಲ್ಲ ಅಜ್ಜಿ."

"ಇರುತ್ತೆ. ಹತ್ತೊಂಬತ್ತು ವರ್ಷದಿಂದ ನಾನೂ ಅದನ್ನೇ ಕೇಳ್ತಿದೀನಿ."

ಹುಡುಗಿ ಎದ್ದು ಕೂತಳು. "ನಿಂಗೆ ನಿದ್ದೆ ಹೇಗೆ ಬರುತ್ತೆ?" ಎಂದಳು.

ಮರುದಿನ ಶಾಲೆ ಬಿಟ್ಟು ಒಂದು ಗಂಟೆಯಾದರೂ ಅವಳು ಮನೆಗೆ ಬರಲಿಲ್ಲ. ಅಜ್ಜಿ ಬೀದಿಯ ತುದಿಯವರೆಗೆ ಎರಡು ಸಲ ಹೋಗಿ ನೋಡಿ ಬಂದಳು. ಬಂದವಳ ಕೈಗೆಲ್ಲ ಧೂಳು. ಒಬ್ಬಳೇ ಗ್ರಂಥಾಲಯಕ್ಕೆ ಹೋಗಿ, ಶ್ ಸಾರ್ ಮುಂದೆ ನಿಂತು, ಬಾಯಿಬಿಟ್ಟು ಕೇಳಿದ್ದಳು. ಹೆಸರೂ ಇಲ್ಲದ, ತಾವು ಓದಿದ ನೆನಪೂ ಇಲ್ಲದ ಪುಸ್ತಕ ಹುಡುಕುವುದು ಹೇಗೆ ಎಂದು ಅವರು ತಲೆ ಕೆರೆದುಕೊಂಡಾಗ, ಇವಳೇ ದಾರಿ ಹೇಳಿದ್ದಳು. ಮಕ್ಕಳ ಕೋಣೆಯ ಒಂದೊಂದೇ ಪುಸ್ತಕ ತೆಗೆಯುವುದು, ನಲವತ್ತೆಂಟನೆಯ ಪುಟ ಬಿಚ್ಚುವುದು, ಕೊನೆಯ ಪದ ನೋಡುವುದು. ಅದು ಎಂದಿದ್ದರೆ ಸರಿ, ಇಲ್ಲದಿದ್ದರೆ ಮುಂದಿನದು. ಕೋಣೆಯಲ್ಲಿದ್ದದ್ದು ಆರುನೂರು ಚಿಲ್ಲರೆ ಪುಸ್ತಕ.

"ಇವತ್ತು ನಲವತ್ತು ನೋಡ್ದೆ" ಎಂದಳು. ಅಜ್ಜಿ ಏನೂ ಆಗದವಳ ಹಾಗೆ ಒಳಗೆ ಹೋಗಿ, ಪಾತ್ರೆ ತೊಳೆಯುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ದಿನಾ ಸಂಜೆ ವರದಿ ಬರತೊಡಗಿತು. ಒಂದು ಪುಸ್ತಕ "ಆನೆ" ಎಂದು ನಿಂತಿದೆ, ಒಂದು "ಮೂಗಿನಲ್ಲಿ" ಎಂದು, ಒಂಬತ್ತು ಪುಸ್ತಕ "ಆದರೆ" ಎಂದು. ಮೊದಮೊದಲು ಪದ ಮಾತ್ರ ಹೇಳುತ್ತಿದ್ದಳು. ಐದನೆಯ ದಿನಕ್ಕೆ, "ಯಾರ ಮೂಗು ಅಂತ ನೋಡೋಕೆ ಮೇಲಿನ ಸಾಲೂ ಓದ್ದೆ" ಎಂದಳು. ಬೀದಿಯ ಮಕ್ಕಳಿಗೆ ಸುದ್ದಿ ಹೋಗಿ ಅವರೂ ಬಂದು ಒಂದೊಂದು ಕಪಾಟು ಹಂಚಿಕೊಂಡರು. ಎಂಟನೆಯ ದಿನ ಒಬ್ಬ "ಅದು ಸಿಕ್ತು" ಎಂದು ಕೂಗಿ, ನೋಡಿದರೆ ಗ್ರಹಗಳ ಪುಸ್ತಕ. ಹತ್ತನೆಯ ದಿನ ಇನ್ನೊಂದು ಅದು ಸಿಕ್ಕಿತು, ಅದು ದೇಹದ ಪುಸ್ತಕದ ಜಠರ. ಹನ್ನೆರಡನೆಯ ದಿನ, ಕಪಾಟಿನ ಹಿಂದೆ ಗೋಡೆಗೆ ಬಿದ್ದಿದ್ದ ಒಂದು ತೆಳ್ಳನೆಯ ಪುಸ್ತಕವನ್ನು ಹುಡುಗಿ ಕೈ ಹಾಕಿ ಎಳೆದಳು. ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದಳು.

ಅಜ್ಜಿ ಕೈ ಚಾಚಿದಳು. ಹುಡುಗಿ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ಹುಡುಕಿದ್ದು ನಾನು. ಓದೋದೂ ನಾನೇ. ನೀನು ಮುಟ್ಟಬಾರ್ದು."

"ಆಯ್ತು ತಾಯಿ. ನಲವತ್ತೊಂಬತ್ತು ತೆಗಿ, ಬೇಗ ಓದು."

"ಇಲ್ಲ. ಮೊದಲಿಂದ."

ಇಪ್ಪತ್ತಾರು ವರ್ಷ ನಡುವಿನಿಂದಲೇ ಓದಿದವಳಿಗೆ ಇದು ಸರಿಯಾದ ಶಿಕ್ಷೆ. ಮೊದಲ ದಿನ ಒಂದೂವರೆ ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಒತ್ತಕ್ಷರ ಬಂದಲ್ಲೆಲ್ಲ ಹುಡುಗಿ ನಿಂತುಬಿಡುತ್ತಿದ್ದಳು, ಕಿವಿ ಕೆಂಪಾಗುತ್ತಿತ್ತು. ಅಜ್ಜಿ ಪಕ್ಕದಲ್ಲಿ ಕೂತು ಸಾಲಿನ ಜೊತೆ ಕಣ್ಣಾಡಿಸುತ್ತಿದ್ದಳೇ ಹೊರತು ತಿದ್ದಲಿಲ್ಲ, ಮುಗುಳ್ನಗಲಿಲ್ಲ, ಕೆಮ್ಮು ಬಂದರೂ ತಡೆದುಕೊಂಡಳು. ಇವಳು ಈಗ ಪುಸ್ತಕ ಮುಚ್ಚಿದರೆ ಇನ್ನು ತೆರೆಯುವುದಿಲ್ಲ ಎಂಬ ಒಂದೇ ಹೆದರಿಕೆ. ಪುಸ್ತಕಕ್ಕೆ ತೊಂಬತ್ತಾರು ಪುಟ. ದಿನಕ್ಕೆ ಎರಡರಂತೆ ಹೋದರೆ ಬಾವಿಯ ಹುಡುಗಿ ಇನ್ನೊಂದು ತಿಂಗಳು ಕತ್ತಲಲ್ಲೇ ಕೂತಿರಬೇಕು.

ಹಗಲು ಕಳೆಯುವುದು ಬಲು ಕಷ್ಟವಾಯಿತು. ಹುಡುಗಿ ಶಾಲೆಯಲ್ಲಿ, ಪುಸ್ತಕ ಕಪಾಟಿನ ಮೇಲೆ. ಐದು ನಿಮಿಷದ ಕೆಲಸ. ಅಜ್ಜಿ ಅಕ್ಕಿ ಆರಿಸಿದಳು, ಪುಸ್ತಕ ನೋಡಿದಳು. ನೆಲ ಒರೆಸಿದಳು, ಪುಸ್ತಕ ನೋಡಿದಳು. ಪುಸ್ತಕದ ಮೇಲೆ ಒಂದು ಟವೆಲು ಹಾಕಿದಳು, ಆಗ ಟವೆಲು ನೋಡಿದಳು. ಒಂದು ದಿನ ತಡೆಯಲಾರದೆ ತೆಗೆದೇಬಿಟ್ಟಳು. ನಲವತ್ತೆಂಟನೆಯ ಪುಟ ಬಿಚ್ಚಿ, ನಲವತ್ತೊಂಬತ್ತರ ಮೇಲೆ ಅಂಗೈ ಒತ್ತಿ ಹಿಡಿದಳು. ಬೆರಳ ಸಂದಿಯಿಂದ ಒಂದೇ ಒಂದು ಅಕ್ಷರ ಕಂಡಿತು: ಆ.

ಅಲ್ಲಿಗೇ ಪುಸ್ತಕ ಮುಚ್ಚಿದಳು. ಕೊನೆ ತಿಳಿದುಕೊಂಡು ಸಂಜೆ ಕೇಳಲು ಕೂತರೆ ಮುಖವೇ ಹೇಳಿಬಿಡುತ್ತದೆ. ಅಜ್ಜಿಗೆ ನನ್ನ ಓದು ಬೇಕಾಗಿಲ್ಲ ಎಂದು ಮಗುವಿಗೆ ಒಮ್ಮೆ ಅನ್ನಿಸಿತೋ, ಮುಗಿಯಿತು. ಹತ್ತೊಂಬತ್ತು ವರ್ಷ ಕಾದವಳು ಇನ್ನಷ್ಟು ದಿನ ಕಾಯಲಾರಳೇ? ಕಾದಳು. ಆದರೆ ಆ ಒಂದು ಅಕ್ಷರ ಆಕೆಯನ್ನು ಅರೆದು ಹಾಕಿತು. ಆ ಎಂದರೆ ಯಾರು? ಆಳೇ, ಆನೆಯೇ, ಆ ಊರಿನ ಕಳ್ಳನೇ?

ಹುಡುಗಿ ಭಾನುವಾರ ಅಮ್ಮನ ಮನೆಗೆ ಹೋಗುವಾಗ ಅಮ್ಮನಿಗೆ ತೋರಿಸಬೇಕೆಂದು ಪುಸ್ತಕ ಒಯ್ದಳು, ಸೋಮವಾರ ತಂದಳು. ಮುಂದಿನ ಭಾನುವಾರವೂ ಒಯ್ದಳು. ಶ್ ಸಾರ್ ಅವಧಿ ಮುಗಿದರೂ ಕೇಳದೆ ತಾವೇ ಇನ್ನೊಂದು ಮೊಹರು ಒತ್ತಿ ಕೊಟ್ಟರು. ಇಪ್ಪತ್ತೇಳನೆಯ ಪುಟದ ಹೊತ್ತಿಗೆ ಎರಡು ವಾರ ದಾಟಿತ್ತು. ಕತೆಯ ಹುಡುಗಿ ಇನ್ನೂ ಬಾವಿಯ ಹತ್ತಿರವೂ ಬಂದಿರಲಿಲ್ಲ. ಆಡುಮರಿ ಕದ್ದಿರಬೇಕೆಂದು ಒಬ್ಬ ವ್ಯಾಪಾರಿಯ ಬೆನ್ನು ಬಿದ್ದು, ಅವನು ಅತ್ತ ಹೋದಾಗ ಅವನ ಗೋಣಿಚೀಲದ ದಾರ ಬಿಚ್ಚುತ್ತಿದ್ದಳು. ಮೊಮ್ಮಗಳು ತಡವರಿಸಿ ತಡವರಿಸಿ ಓದುತ್ತಿದ್ದಳು.

"ಚೀ...ಲದ ಬಾಯಿ ಬಿಚ್...ಚಿ ನೋಡಿದರೆ ಒಳಗೆ ಇದ್...ದದ್ದು ಒಂದು ಮುದಿ ಹುಂಜ."

ಹೇಳಿ, ಪುಟ ತಿರುಗಿಸಿದಳು. ತಿರುಗಿಸಿ ಮತ್ತೆ ಬೆರಳಿಟ್ಟು ಓದಿದಳು. "ಒಂ...ದು ಮು...ದಿ ಹುಂ...ಜ."

ಪುಟ ತಿರುಗುವ ಮೊದಲು ಅಜ್ಜಿಯ ಕಣ್ಣು ಇಪ್ಪತ್ತೇಳನೆಯ ಪುಟದ ಅಡಿಯಲ್ಲಿತ್ತು. ಪುಟದ ಅಂಚು ನೋಡಿಯೇ ಹೊಟ್ಟೆ ಹೊರೆದ ಕಣ್ಣು ಅದು. ಅಲ್ಲಿ "ಒಳಗೆ ಇದ್ದದ್ದು" ಎಂಬಲ್ಲಿಗೆ ಪುಟ ಮುಗಿದಿತ್ತು. ಹುಂಜದ ಸುಳಿವೇ ಇರಲಿಲ್ಲ. ತಪ್ಪು ತಿಳಿದಿರಬಹುದೇ ಎಂದು ಅಜ್ಜಿ ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ಪುಟ್ಟಿ, ಹುಂಜ ಇನ್ನೂ ಆ ಕಡೆ ಪುಟದಲ್ಲಿತ್ತಲ್ಲೇ. ನೀನು ತಿರುಗಿಸೋಕೆ ಮೊದ್ಲೇ ಹೇಗೆ ಹೊರಗೆ ಬಂತು?"

ಹುಡುಗಿಯ ಬೆರಳು ಪುಟದ ಮೇಲೇ ನಿಂತಿತು. ಮುಖ ಕೆಂಪಾಗಿ, ಕುತ್ತಿಗೆಯೂ ಕೆಂಪಾಯಿತು.

"ಓದಿಬಿಟ್ಟಿದೀಯಾ?"

ಹೌದೆಂದು ತಲೆ ಅಲ್ಲಾಡಿತು.

"ಎಲ್ಲೀ ತನಕ?"

"ಕೊನೆ ತನಕ." ದನಿ ಕೇಳಿಸಿತೋ ಇಲ್ಲವೋ ಎನ್ನುವಷ್ಟು. "ಎರಡು ಸಲ. ಮೊದಲ್ನೇ ಭಾನುವಾರ ಒಬ್ಳೇ ಓದ್ದೆ. ಎರಡನೇ ಭಾನುವಾರ ಅಮ್ಮ ಪಾಳಿ ಮುಗಿಸ್ಕೊಂಡು ಬಂದು ಮಲಗಿದ್ಳು, ಅವಳಿಗೆ ಜೋರಾಗಿ ಓದಿ ಹೇಳ್ದೆ. ಅವ್ಳು ನಿದ್ದೆ ಮಾಡ್ಲೇ ಇಲ್ಲ. ನಿಂಗೆ ಹೇಳ್ಬೇಡ ಅಂತ ಆಣೆ ಹಾಕಿಸ್ದೆ."

"ಮತ್ತೆ ನನ್ನೆದುರು ಹೀಗೆ ತಡವರಿಸ್ತಿದ್ಯಲ್ಲ?"

"ಮೊದಲು ನಿಜವಾಗ್ಲೂ ತಡವರಿಸ್ತಿದ್ದೆ. ಆಮೇಲೆ ಬೇಕಂತ." ಅವಳಿಗೆ ಅಳು ಒತ್ತಿಬರುತ್ತಿತ್ತು. "ನೀನು ಅಷ್ಟು ವರ್ಷ ಕಾದಿದೀಯ, ನಾನು ನಿನಗಿಂತ ಮುಂಚೆ ಓದ್ಬಿಟ್ಟೆ ಅಂದ್ರೆ ಬೇಜಾರಾಗುತ್ತೆ ಅಂತ. ಮತ್ತೆ... ನಾನು ಬೇಗ ಬೇಗ ಓದಿದ್ರೆ ಮುಗಿದುಹೋಗುತ್ತೆ. ಆಮೇಲೆ ನೀನು ದಿನಾ ಹೀಗೆ ಪಕ್ಕದಲ್ಲಿ ಕೂತ್ಕೊಳ್ತೀಯಾ?"

ಟೀಚರು ಕೇಳಿದ್ದು ಒಂದು ಪುಟ. ಈ ಕಳ್ಳಿ ಯಾರೂ ಹೇಳದೆ, ಯಾರೂ ನೋಡದೆ, ಕೊನೆ ಏನಾಯಿತೆಂದು ತಡೆಯಲಾರದೆ ತೊಂಬತ್ತಾರು ಪುಟ ನುಂಗಿ ಕೂತಿದ್ದಾಳೆ. ಅದೂ ಎರಡು ಸಲ. ತನಗೆ ಯಾರಾದರೂ ಇಷ್ಟು ಚೆನ್ನಾಗಿ ಮೋಸ ಮಾಡಿದ್ದು ಆಕೆಗೆ ನೆನಪಿರಲಿಲ್ಲ. ಯಾರಿಗೆ ಕೈ ಮುಗಿಯಬೇಕೋ ತಿಳಿಯಲಿಲ್ಲ. ಪುಟವನ್ನು ಅದು ಎಂಬಲ್ಲಿಗೆ ಕತ್ತರಿಸಿ ನಿಲ್ಲಿಸಿದ್ದ ಆ ಅಚ್ಚುಮೊಳೆ ಜೋಡಿಸುವವನು ಯಾರೋ, ಬದುಕಿದ್ದಾನೋ ಇಲ್ಲವೋ. ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡಳು. ಮೊಮ್ಮಗಳನ್ನು ಎಳೆದು ತೊಡೆಗೆ ಹಾಕಿಕೊಂಡು, "ಕೂತ್ಕೊಳ್ತೀನಿ ಕಣೇ, ದಿನಾ ಕೂತ್ಕೊಳ್ತೀನಿ, ನೀನು ಅಡುಗೆ ಪುಸ್ತಕ ಓದಿದ್ರೂ ಕೂತ್ಕೊಳ್ತೀನಿ" ಎಂದಳು.

"ಹಾಗಾದ್ರೆ ಅದು ಯಾರು ಅಂತ ಹೇಳ್ಬಿಡ್ಲಾ?"

"ಬೇಡ. ಇಪ್ಪತ್ತೆಂಟರಿಂದ ಓದು. ನಿಂಗೆ ಬರೋ ಹಾಗೆ ಓದು."

ಹುಡುಗಿ ಮೂಗೊರೆಸಿಕೊಂಡು ಓದತೊಡಗಿದಳು. ಒತ್ತಕ್ಷರಗಳು ಬಂದವು, ಹೋದವು, ಅವಳು ನಿಲ್ಲಲಿಲ್ಲ. ವ್ಯಾಪಾರಿ ಬಂದಾಗ ದನಿ ದಪ್ಪಗೆ ಮಾಡಿದಳು. ಮೂವತ್ತಮೂರನೆಯ ಪುಟದಿಂದ ಅಜ್ಜಿಯ ತುಟಿಯೂ ಅವಳ ಜೊತೆಗೇ ಆಡತೊಡಗಿತು. ಲಾಟೀನು ಆರಿತು. ಹಗ್ಗ ಕಿತ್ತಿತು. "ಆಗ ಮೇಲಿನಿಂದ ಒಂದು ದನಿ ಕೇಳಿಸಿತು. ಅದು" ಎಂದು ಓದಿ ಹುಡುಗಿ ನಿಲ್ಲಿಸಿ, ಓರೆಗಣ್ಣಿನಿಂದ ಅಜ್ಜಿಯನ್ನು ನೋಡಿದಳು.

"ನಿಲ್ಲಿಸ್ಬೇಡ್ವೇ, ಜೀವ ಹೋಗುತ್ತೆ."

"ಆಡುಮರಿಯ ದನಿ" ಎಂದು ಓದಿದಳು ಹುಡುಗಿ. "ಆಡುಮರಿ ಬಾವಿಗೆ ಬಿದ್ದೇ ಇರಲಿಲ್ಲ. ಅದು ಕಟ್ಟೆಯ ಮೇಲೆ ನಿಂತು, ಇವಳೇಕೆ ಒಳಗೆ ಇಳಿದಳು ಎಂದು ಬಗ್ಗಿ ನೋಡುತ್ತಿತ್ತು."

ಅಜ್ಜಿ ಬಾಯಿ ತೆರೆದವಳು ತೆರೆದಂತೆಯೇ ಕೂತಳು. ಕಳ್ಳ ಎಂದುಕೊಂಡಿದ್ದಳು, ದೆವ್ವ ಎಂದುಕೊಂಡಿದ್ದಳು, ಒಂದು ವರ್ಷವಿಡೀ ಅದು ಹುಡುಗಿಯ ಸತ್ತ ತಾಯಿ ಎಂದೇ ನಂಬಿ ಅತ್ತಿದ್ದೂ ಉಂಟು. ಹೊಟ್ಟೆಯ ಆಳದಿಂದ ನಗು ಎದ್ದು ಬಂತು, ಪಕ್ಕೆ ಹಿಡಿದುಕೊಂಡಳು, ಕಣ್ಣಿಂದ ನೀರು ಸುರಿಯಿತು.

"ಅಜ್ಜಿ, ನಗ್ತಿದೀಯೋ ಅಳ್ತಿದೀಯೋ?"

"ನಂಗೂ ಗೊತ್ತಾಗ್ತಿಲ್ಲ ಕಣೇ" ಎಂದಳು ಅಜ್ಜಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನೀನು ಮುಂದೆ ಓದು."

ಹುಡುಗಿ ಅಜ್ಜಿಯ ತೋಳಿಗೆ ಒರಗಿಕೊಂಡು ಮುಂದೆ ಓದಿದಳು.